80 ಆದಮೇಲೆ 81

ಆಪ್ಟಿಮಸ್ ಪ್ರೈಮ್ ಅಂದ್ರೆ ನನಗೆ ಬೇಸಿಗೆ ರಜೆ. ಪೇಟೆಯಲ್ಲಿದ್ದ ಮಾವನ ಮನೆಯಲ್ಲಿ ಸಿಡಿ ಹಾಕಿ ‘ಟ್ರಾನ್ಸ್‌ಫಾರ್ಮರ್ಸ್’ ಕಾರ್ಟೂನ್ ನೋಡ್ತಿದ್ವಿ. ಲಾರಿ ಎದ್ದು ನಿಂತು ಮನುಷ್ಯರ ಹಾಗೆ ಮಾತಾಡೋದು! ಊರಿಗೆ ವಾಪಸ್ ಬಂದ ಮೇಲೆ ಕಬ್ಬಿನ ಲಾರಿ ಕಂಡರೂ, ಇದು ಯಾವಾಗ ಎದ್ದು ನಿಲ್ಲುತ್ತೋ ಅಂತ ಕಾಯ್ತಿದ್ದೆ.

ಅಮೆರಿಕದಲ್ಲಿ ಆ ಕಾರ್ಟೂನ್ ಶುರುವಾಗಿದ್ದು 1984ರಲ್ಲಿ, ಮುಗಿದಿದ್ದು 1987ರಲ್ಲಿ. ಅದೇ ರೋಬಾಟ್‌ಗಳನ್ನಿಟ್ಟುಕೊಂಡು ಮಾರ್ವೆಲ್‌ನವರು ಕಾಮಿಕ್ಸ್ ಕೂಡ ತಂದರು. ಅದರ ಕತೆ ಹಿಡಿದ ದಾರಿ ಬೇರೆ. ನಾಲ್ಕೇ ಸಂಚಿಕೆ ಅಂತ ಹೊರಟಿದ್ದು 1991ರ ತನಕ ಓಡಿ, 80ಕ್ಕೆ ನಿಂತಿತು. ನಾಲ್ಕರ ಸರಣಿಯಲ್ಲಿ ಇದು 80ನೆಯದು ಅಂತ ಕೊನೇ ಸಂಚಿಕೆಯ ಮುಖಪುಟದಲ್ಲಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡಿದ್ದರು.

21 ವರ್ಷ ಕಳೆದು 2012ರಲ್ಲಿ, ಆ ಕತೆ ಬರೆದಿದ್ದ ಸೈಮನ್ ಫರ್ಮನ್, ಚಿತ್ರ ಬಿಡಿಸಿದ್ದ ಆಂಡ್ರ್ಯೂ ವೈಲ್ಡ್‌ಮನ್ ಮತ್ತೆ ಒಟ್ಟಿಗೆ ಕೂತರು. ಐಡಿಡಬ್ಲ್ಯೂ ಪ್ರಕಾಶನದಿಂದ ‘ರೀಜನರೇಶನ್ ಒನ್’ ಬಂತು. ಮತ್ತೆ ಒಂದರಿಂದ ಎಣಿಸಲಿಲ್ಲ. 80ರ ಮುಂದಕ್ಕೇ ಲೆಕ್ಕ ಹಿಡಿದು 2014ರಲ್ಲಿ 100 ಮುಟ್ಟಿಸಿದರು. ಅಷ್ಟು ವರ್ಷ ಯಾರೂ ಮುಟ್ಟದ ಕೋಡನ್ನ ಬರೆದವರೇ ಬಂದು ತೆರೆಯೋದನ್ನ ಸಾಫ್ಟ್‌ವೇರಲ್ಲಂತೂ ನಾನು ಕಂಡಿಲ್ಲ.

ಬಾಲ್ಯ ವಾಪಸ್ ಸಿಗುತ್ತೆ ಅಂತ ಓದೋಕೆ ಕೂತೆ. ಸಿಕ್ಕಿದ್ದೇ ಬೇರೆ. ಕತೆಯೊಳಗೂ 21 ವರ್ಷ ಕಳೆದಿದೆ. ಯುದ್ಧ ಗೆದ್ದ ಆಟೋಬಾಟ್‌ಗಳು ತಮ್ಮ ಸೈಬರ್‌ಟ್ರಾನ್ ಗ್ರಹದಲ್ಲಿ ನೆಮ್ಮದಿಯಾಗಿದ್ದಾರೆ. ಒಂದು ಕಾಲಕ್ಕೆ ಆಶ್ರಯ ಕೊಟ್ಟ ಭೂಮಿಯಲ್ಲೂ ಎಲ್ಲ ಸರಿಯಿದೆ ಅಂದುಕೊಂಡಿದ್ದಾರೆ. ಆದರೆ ಅಷ್ಟರಲ್ಲಿ ಮೆಗಾಟ್ರಾನ್ ಭೂಮಿಯನ್ನು ಸ್ಮಶಾನ ಮಾಡಿಟ್ಟಿದ್ದಾನೆ.

ಅಷ್ಟು ಓದಿ ಮುಂದಿನ ಪುಟ ತಿರುಗಿಸೋಕೆ ಸ್ವಲ್ಪ ಹೊತ್ತು ಆಗಲಿಲ್ಲ. ಹಳ್ಳಿಯಿಂದ ಬಂದು ಬೆಂಗಳೂರಲ್ಲಿ ಇಎಂಐ ಕಟ್ಟುತ್ತಿರೋ ನಮ್ಮಂಥವರ ಕತೆ ಇದು. ಭಾನುವಾರ ಫೋನ್ ಮಾಡಿದರೆ, “ಇಲ್ಲೆಲ್ಲಾ ಆರಾಮು ಕಣಪ್ಪ, ನೀನು ಹೊತ್ತೊತ್ತಿಗೆ ಊಟ ಮಾಡು” ಅಂತಾರೆ ಅಮ್ಮ. ಬೋರ್‌ವೆಲ್ ಬತ್ತಿದ್ದು, ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿ ತೋಟಕ್ಕೆ ಹೋಗೋದು ನಿಂತಿದ್ದು, ಇವೆಲ್ಲ ಗೊತ್ತಾಗೋದು ಮದುವೆ ಮನೆಯಲ್ಲಿ ಸಿಕ್ಕ ಊರಿನವರ ಬಾಯಿಂದ.

ಹಳೇ ಕತೆಯನ್ನ ಮುಂದುವರಿಸೋರು ಬಹಳ ಸಲ ನಮ್ಮನ್ನ ಮತ್ತೆ ಹತ್ತು ವರ್ಷದ ಹುಡುಗರನ್ನಾಗಿ ಮಾಡೋಕೆ ನೋಡ್ತಾರೆ. ಇವರು ಹಾಗೆ ಮಾಡಲಿಲ್ಲ. ನೀವು ನೋಡದೇ ಇದ್ದಾಗ ಅಲ್ಲಿ ಏನೇನಾಯ್ತು ಅಂತ ಲೆಕ್ಕ ಕೊಟ್ಟರು.

ಈಗ ನಾನು ಫೋನಲ್ಲಿ ಚೆನ್ನಾಗಿದ್ದೀರಾ ಅಂತ ಕೇಳಲ್ಲ. ಹೊಸ ಬೋರ್‌ನಲ್ಲಿ ಎಷ್ಟು ಇಂಚು ನೀರು ಬರ್ತಿದೆ ಅಂತ ಕೇಳ್ತೀನಿ. ಅದಕ್ಕೆ ಅಮ್ಮ ‘ಆರಾಮು’ ಅನ್ನೋಕಾಗಲ್ಲ.