ಖಾಲಿ ಕೋವಿ ಮತ್ತು ಪ್ರಮಾದ

ಶ್ರಾವಕನ ಮನೆಯಲ್ಲಿ ಆಯುಧವಿರಬಹುದೇ ಎಂಬುದು ಹಳೆಯ ಪ್ರಶ್ನೆ. ಇರುವ ಆಯುಧವು ಬರಿದಾಗಿದ್ದರೆ ಅದರ ವಿಷಯದಲ್ಲಿ ಎಚ್ಚರ ಬೇಕೇ ಎಂಬುದು ಅದಕ್ಕಿಂತ ಸಣ್ಣದೆಂದು ತೋರುವ ಪ್ರಶ್ನೆ. ಸಾಲಿಗ್ರಾಮದ ಒಂದು ಶ್ರಾವಕ ಮನೆಯಲ್ಲಿ ಈ ಎರಡನೆಯ ಪ್ರಶ್ನೆಯೇ ಅಣ್ಣತಮ್ಮಂದಿರ ನಡುವೆ ಒಂದು ರಾತ್ರಿ ಮಾತು ನಿಲ್ಲಿಸಿತು.

ಆ ಮನೆಯ ಹಿರಿಯರು ಗದ್ದೆ ತೋಟಗಳಿಗೆ ನುಗ್ಗುವ ಮಂಗ, ಕಾಡುಹಂದಿಗಳನ್ನು ಬೆದರಿಸಲೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದು ಒಂದು ಕೇಪಿನ ಕೋವಿಯನ್ನು ಇರಿಸಿಕೊಂಡಿದ್ದರು. ಅದರಿಂದ ಒಂದು ಜೀವವನ್ನೂ ತೆಗೆಯಬಾರದು, ಸದ್ದು ಮಾಡಿ ಓಡಿಸಬೇಕು, ಅಷ್ಟೇ ಎಂಬುದು ಮನೆಯ ಕಟ್ಟಳೆಯಾಗಿತ್ತು. ಹಿರಿಯರು ತೀರಿಕೊಂಡು ಎರಡು ವರ್ಷಗಳಾಗಿದ್ದರೂ ಕೋವಿ ಚಾವಡಿಯ ಗೋಡೆಯ ಮೇಲೆಯೇ ಇತ್ತು.

ದಸರೆಯ ರಜೆಗೆ ಬೆಂಗಳೂರಿನಿಂದ ತಮ್ಮನ ಸಂಸಾರ ಊರಿಗೆ ಬಂದಿತ್ತು. ಜೀವದಯಾಷ್ಟಮಿಯ ಮುನ್ನಾದಿನ ಮಧ್ಯಾಹ್ನ ತಮ್ಮನ ಹನ್ನೊಂದು ವರ್ಷದ ಮಗ ಕುರ್ಚಿ ಹತ್ತಿ ಕೋವಿಯನ್ನಿಳಿಸಿ, ಐದು ವರ್ಷದ ತಂಗಿಯ ಎದೆಗೆ ಗುರಿಯಿಟ್ಟು, ಬಾಯಿಂದಲೇ 'ಢಂ' ಎಂದನು. ಮಗು ನಗುತ್ತ ಎರಡೂ ಕೈಗಳನ್ನೆತ್ತಿ ನಿಂತಿತ್ತು. ಒಳಗಿನಿಂದ ಬಂದ ದೊಡ್ಡಪ್ಪ ಕೋವಿಯನ್ನು ಕಿತ್ತುಕೊಂಡು ಹುಡುಗನ ಕೆನ್ನೆಗೆ ಹೊಡೆದರು.

"ಅಣ್ಣ, ಅದು ಖಾಲಿ ಕೋವಿ. ಅಪ್ಪ ಹೋದ ಮೇಲೆ ಅದಕ್ಕೆ ಮದ್ದು ಹಾಕಿದವರು ಯಾರು? ಮಗುವಿಗೆ ಹೊಡೆಯುವಂಥದ್ದು ಏನಾಯಿತು?" ಎಂದು ತಮ್ಮ ಕೇಳಿದನು.

"ಖಾಲಿ ಎಂದು ನಿನಗೆ ಹೇಗೆ ಗೊತ್ತು?"

"ಎಲ್ಲರಿಗೂ ಗೊತ್ತು."

ಇಂಥ ಕೋವಿಗೆ ಮದ್ದು, ಚರೆಗಳನ್ನು ನಳಿಗೆಯ ಬಾಯಿಯಿಂದ ತುಂಬಿ ಕೋಲಿನಿಂದ ಜಡಿಯುತ್ತಾರೆ. ಹಿಂಬದಿಯಲ್ಲಿ ಕೂರಿಸಿದ ಕೇಪಿಗೆ ಕುದುರೆ ಬಡಿದಾಗ ಕಿಡಿ ಒಳಗೆ ಹೋಗಿ ಮದ್ದು ಹೊತ್ತುತ್ತದೆ. ಕೇಪು ತೆಗೆದಿಟ್ಟರೆ ಕೋವಿ ಖಾಲಿಯಾಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಮದ್ದು ಒಳಗೇ ಉಳಿದಿರಬಹುದು, ಮತ್ತು ತೇವ ತಗಲದ ಕರಿಮದ್ದು ಹತ್ತಾರು ವರ್ಷ ಕಳೆದರೂ ಸತ್ವಗುಂದುವುದಿಲ್ಲ. ತೋಟೆಯ ಕೋವಿಯನ್ನು ಮಡಿಚಿ ಕಣ್ಣಿನಿಂದ ನೋಡಬಹುದು. ಇದನ್ನು ಹಾಗೆ ನೋಡಲಾಗದು. ಕೇಪಿಲ್ಲವೆಂದು ಖಚಿತಪಡಿಸಿಕೊಂಡು, ಕೋಲನ್ನು ನಳಿಗೆಯೊಳಗಿಳಿಸಿ, ಬಾಯಿಯ ಬಳಿ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಕೋಲು ಬುಡ ಮುಟ್ಟಿರದಿದ್ದರೆ ಒಳಗೆ ಏನೋ ಇದೆ ಎಂದರ್ಥ.

ಅಣ್ಣ ಅಂಗಳಕ್ಕೆ ಹೋಗಿ, ನಳಿಗೆಯನ್ನು ಜನವಿಲ್ಲದ ಕಡೆಗೆ ತಿರುಗಿಸಿ ಹಾಗೆಯೇ ಅಳೆದರು. ಕೋಲು ಬುಡ ಮುಟ್ಟಿತ್ತು. ಕೋವಿ ನಿಜವಾಗಿಯೂ ಖಾಲಿಯಾಗಿತ್ತು.

"ನಾನು ಹೇಳಲಿಲ್ಲವೇ ಅಣ್ಣ?" ಎಂದನು ತಮ್ಮ.

"ಖಾಲಿ ಎಂದು ಈಗ ತಿಳಿಯಿತು. ಹುಡುಗ ಗುರಿಯಿಟ್ಟಾಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ" ಎಂದರು ಅಣ್ಣ. ಆ ರಾತ್ರಿ ಇಬ್ಬರೂ ಮಾತನಾಡಲಿಲ್ಲ.

ತಮ್ಮನ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬರಿದಾದ ಕೋವಿ ಒಂದು ಕಬ್ಬಿಣದ ಕೊಳವೆ. ಅದನ್ನು ತುಂಬಿದ್ದೆಂದು ಭಾವಿಸುವುದು ಇಲ್ಲದ್ದನ್ನು ಇದೆಯೆಂದಂತಲ್ಲವೇ? ಎಲ್ಲ ಕೋವಿಯೂ ಸದಾ ತುಂಬಿಯೇ ಇದೆ ಎನ್ನುವುದಾದರೆ ಅದನ್ನು ಒರೆಸುವುದು, ದುರಸ್ತಿ ಮಾಡುವುದು ಹೇಗೆ? ಅಮೆರಿಕದ ಜೆಫ್ ಕೂಪರ್ ಎಂಬವರು ಪ್ರಚಾರಪಡಿಸಿದ ನಾಲ್ಕು ನಿಯಮಗಳು ಇಂದು ಕೋವಿ ಹಿಡಿಯುವವರಲ್ಲಿ ಪ್ರಸಿದ್ಧವಾಗಿವೆ: ಎಲ್ಲ ಕೋವಿಯನ್ನೂ ತುಂಬಿದ್ದೆಂದೇ ತಿಳಿಯಬೇಕು, ನಾಶಮಾಡಲು ಇಚ್ಛಿಸದ ಯಾವುದರ ಕಡೆಗೂ ನಳಿಗೆ ತಿರುಗಬಾರದು, ಗುರಿ ಸಿದ್ಧವಾಗುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು, ಗುರಿಯಾವುದು, ಅದರಾಚೆಗೆ ಏನಿದೆ ಎಂಬುದನ್ನು ಅರಿತಿರಬೇಕು. ಇವುಗಳಲ್ಲಿ ಮೊದಲನೆಯದೇ ತಮ್ಮನಂಥವರಿಗೆ ಅತಿಯಾಯಿತೆಂದು ತೋರುವುದು.

ಆದರೆ 'ಖಾಲಿ' ಎಂಬುದು ಕೋವಿಯ ವಿಷಯವಾಗಿ ನಮ್ಮ ಮನಸ್ಸು ಮಾಡಿಕೊಂಡ ತೀರ್ಮಾನ. ಆ ತೀರ್ಮಾನ ತಪ್ಪಬಹುದು. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 'ರಸ್ಟ್' ಎಂಬ ಚಲನಚಿತ್ರದ ಚಿತ್ರೀಕರಣ ಸ್ಥಳದಲ್ಲಿ, ಜೀವಂತ ಗುಂಡಿಲ್ಲವೆಂದು ಹೇಳಲಾಗಿದ್ದ ರಿವಾಲ್ವರ್ ಸಿಡಿದು ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅಸುನೀಗಿದರು, ನಿರ್ದೇಶಕರೂ ಗಾಯಗೊಂಡರು. ಆಯುಧಗಳ ಹೊಣೆ ಹೊತ್ತಿದ್ದಾಕೆಗೆ 2024ರಲ್ಲಿ 18 ತಿಂಗಳ ಸೆರೆವಾಸವಾಯಿತು. ಅಲ್ಲಿ ಯಾರಿಗೂ ಕೊಲ್ಲುವ ಸಂಕಲ್ಪವಿರಲಿಲ್ಲ. ಖಾಲಿ ಎಂಬ ನಂಬಿಕೆಯೊಂದೇ ಕೈಯಿಂದ ಕೈಗೆ ಸಾಗಿಬಂದಿತ್ತು.

ನಮ್ಮ ಆಚಾರ್ಯರು ಈ ಸೂಕ್ಷ್ಮವನ್ನು ಕೋವಿಗಳಿಲ್ಲದ ಕಾಲದಲ್ಲಿಯೇ ವಿವೇಚಿಸಿದ್ದಾರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇರಿಸಿದೆ. ಪ್ರಾಣವೇ ಹೋಗದಿದ್ದಲ್ಲಿ ಹಿಂಸೆಯೆಲ್ಲಿ ಎಂದು ಕೇಳುವವರಿಗೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಸಮಾಧಾನವಿದೆ: ಪ್ರಮತ್ತನು ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಳ್ಳುತ್ತಾನೆ, ಅನ್ಯಜೀವಿಗೆ ಬಾಧೆಯಾಗುವುದು ಬಿಡುವುದು ಆಮೇಲಿನ ಮಾತು. ಇದಕ್ಕೆ ವಿರುದ್ಧವಾಗಿ, ಈರ್ಯಾಸಮಿತಿಯಿಂದ ನಡೆಯುವ ಮುನಿಯ ಪಾದದಡಿಗೆ ಅಕಸ್ಮಾತ್ತಾಗಿ ಬಂದ ಕ್ರಿಮಿ ಸತ್ತರೂ ಅವನಿಗೆ ಆ ಬಂಧವಿಲ್ಲ. ಆದುದರಿಂದ ಮದ್ದಿನ ಲೆಕ್ಕಕ್ಕಿಂತ ಮನಸ್ಸಿನ ಎಚ್ಚರದ ಲೆಕ್ಕ ದೊಡ್ಡದು.

ಯಶೋಧರನ ಕಥೆಯನ್ನು ಜೀವದಯಾಷ್ಟಮಿಯಂದು ನೆನೆಯುವ ನಾವು ಇದನ್ನು ಬೇಗ ಗ್ರಹಿಸಬೇಕು. ಅವನು ಬಲಿ ಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿ. ಅನುಭವಿಸಿದ್ದು ಭವಭವಗಳ ದುಃಖ. ಅವನದು ಸಂಕಲ್ಪದ ದೋಷ, ಸಾಲಿಗ್ರಾಮದ ಹುಡುಗನದು ಬರಿಯ ಅಜಾಗ್ರತೆ. ಎರಡನ್ನೂ ಸಮವೆನ್ನುವುದು ಅನ್ಯಾಯ. ಆದರೂ ಎದುರಿನ ವಸ್ತು ಬರಿದಾಗಿತ್ತೆಂಬ ಕಾರಣ ಒಂದರಿಂದಲೇ ದೋಷ ಕಳೆಯದು ಎಂಬುದು ಎರಡಕ್ಕೂ ಸಲ್ಲುತ್ತದೆ. ಪ್ರಯೋಜನವಿಲ್ಲದೆ ಆಯುಧವನ್ನು ಜೀವಿಯ ಕಡೆಗೆ ತಿರುಗಿಸುವುದು ಅನರ್ಥದಂಡ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನೂ ಹಿಂಸಾದಾನವನ್ನೂ ಇದೇ ಗಣದಲ್ಲಿ ಸೇರಿಸಿದ್ದಾರೆ.

ತುಂಬಿದ್ದೆಂದು ಭಾವಿಸುವುದು ಸುಳ್ಳಾಗುವುದೇ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಮುನಿಗಳು ಕಮಂಡಲುವನ್ನು ಕೆಳಗಿಡುವ ಮೊದಲು ಪಿಂಛಿಯಿಂದ ನೆಲವನ್ನು ಮಾರ್ಜನ ಮಾಡುತ್ತಾರೆ. ಅಲ್ಲಿ ಇರುವೆ ಇದೆ ಎಂದು ಅವರು ಹೇಳುತ್ತಿಲ್ಲ; ಇಲ್ಲವೆಂದು ಸುಮ್ಮನೆ ನಂಬಲು ನಿರಾಕರಿಸುತ್ತಿದ್ದಾರೆ. ಎತ್ತುವಾಗ, ಇಡುವಾಗ ಇರಬೇಕಾದ ಈ ಎಚ್ಚರಕ್ಕೆ ಆದಾನನಿಕ್ಷೇಪಣ ಸಮಿತಿ ಎಂದು ಹೆಸರು. ಕೋವಿಯ ಮೊದಲ ನಿಯಮವೂ ಇದೇ.

ಇನ್ನು ಒರೆಸುವ, ದುರಸ್ತಿ ಮಾಡುವ ಪ್ರಶ್ನೆ. ಸೋಸಿದ ನೀರಿನ ವಿಧಿಯನ್ನು ನಮ್ಮ ಮನೆಯ ಹೆಂಗಸರು ಬಲ್ಲರು. ಸೋಸಿದ ಮೇಲೆ ಒಂದು ಮುಹೂರ್ತ, ಅಂದರೆ 48 ನಿಮಿಷ, ಅದು ಸೋಸಿದ ನೀರು; ಆ ಬಳಿಕ ಮತ್ತೆ ಸೋಸಬೇಕು. ಬೆಳಿಗ್ಗೆ ಸೋಸಿದ್ದೆ ಎಂಬ ಮಾತು ಸಂಜೆಗೆ ನಡೆಯದು. ಪರೀಕ್ಷೆಗೂ ಹಾಗೆಯೇ ಒಂದು ಅವಧಿ ಉಂಟು. ಪರೀಕ್ಷಿಸಿದ ಕೋವಿಯನ್ನು, ಮದ್ದು ತೋಟೆಗಳನ್ನು ಬೇರೆ ಕೋಣೆಯಲ್ಲಿರಿಸಿ, ಜನವಿಲ್ಲದ ಕಡೆಗೆ ಮುಖಮಾಡಿ ಒರೆಸಬಹುದು. ಅದು ಕೈಬಿಟ್ಟ ಕ್ಷಣ ಆ ಪರೀಕ್ಷೆಯ ಆಯುಸ್ಸು ಮುಗಿಯಿತು. ಮತ್ತೆ ಎತ್ತಿದವನು ಮತ್ತೆ ನೋಡಬೇಕು. ಎರಡನೆಯ ನಿಯಮವಂತೂ ಶ್ರಾವಕನಿಗೆ ವ್ರತವೇ ಆಗುತ್ತದೆ. ಅವನು ನಾಶಮಾಡಲು ಇಚ್ಛಿಸುವ ಜೀವಿ ಯಾವುದೂ ಇಲ್ಲವಾದುದರಿಂದ, ತುಂಬಿರಲಿ ಬರಿದಾಗಿರಲಿ, ಅವನ ನಳಿಗೆ ಯಾವ ಜೀವಿಯ ಕಡೆಗೂ ತಿರುಗುವಂತಿಲ್ಲ.

ಅಷ್ಟಮಿಯ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಣ್ಣ ತಾವೇ ಹುಡುಗನನ್ನು ಕರೆದರು. "ಮಗಾ, ನೀನು ಮಾಡಿದ್ದು ತಪ್ಪು. ನಾನು ಹೊಡೆದದ್ದೂ ತಪ್ಪು. ನಿನ್ನ ಕೈಗೆ ಎಟುಕುವಂತೆ ಅದನ್ನು ತೂಗುಹಾಕಿದ್ದು ಎರಡಕ್ಕಿಂತ ದೊಡ್ಡ ತಪ್ಪು" ಎಂದರು. ತಂದೆಯ ಹೆಸರಿನ ಪರವಾನಗಿ ತಂದೆಯೊಂದಿಗೇ ಮುಗಿದಿತ್ತು. ಖಾಲಿ ಕೋವಿ ತಾನೇ, ಅವಸರವೇನು ಎಂದು ಅವರೇ ಎರಡು ವರ್ಷ ದಿನ ನೂಕಿದ್ದರು. ಹುಡುಗನ ಆಟಕ್ಕೂ ಹಿರಿಯರ ಆಲಸ್ಯಕ್ಕೂ ನೆಪವಾದದ್ದು ಒಂದೇ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ ತುಂಬಿದ ಕೋವಿಯೂ ಬರಿದಾದ ಕೋವಿಯೂ ಕೋವಿಯೇ. ಅಧಿಕಾರವಿಲ್ಲದೆ ಉಳಿದದ್ದನ್ನು ವಿಳಂಬಿಸದೆ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು ಅದರ 21ನೆಯ ಕಲಮು ವಿಧಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮಾದರೋ, ದುಡುಕಿನಿಂದ ಅಥವಾ ಅಜಾಗ್ರತೆಯಿಂದ ಅನ್ಯರ ಜೀವವನ್ನು ಅಪಾಯಕ್ಕೊಡ್ಡಿದರೆ, ಗಾಯವಾಗದಿದ್ದರೂ ಅದನ್ನು ಅಪರಾಧವೆಂದೇ ಎಣಿಸುತ್ತದೆ. ಲೌಕಿಕ ನ್ಯಾಯವೂ ಇಲ್ಲಿ ಪ್ರಮಾದವನ್ನು ಗುರುತಿಸಿದೆ.

ಅದೇ ವಾರ ಕೋವಿ ಠಾಣೆ ಸೇರಿತು. ಅದನ್ನು ಒಪ್ಪಿಸಲು ತಮ್ಮನೂ ಅಣ್ಣನ ಜೊತೆಯಲ್ಲಿ ಹೋಗಿದ್ದನು. ಒಪ್ಪಿಸುವ ಮುನ್ನ ಅಣ್ಣ ಕೋಲನ್ನು ತಮ್ಮನ ಕೈಗಿತ್ತರು. ಅವನು ಏನೂ ಹೇಳದೆ ಇನ್ನೊಮ್ಮೆ ಅಳೆದು ನೋಡಿದನು.

ಹಿರಿಯರ ಕಾಲದ ಕೋವಿ ಇರುವ ಮನೆಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಇವೆ. ಕೋವಿಯುಳ್ಳ ಕಾವಲುಗಾರನನ್ನು ನೇಮಿಸಿಕೊಳ್ಳುವ ಸಂಸ್ಥೆಗಳೂ ಇವೆ. ದಿನದ ವಹಿವಾಟು ಶೂನ್ಯವಾದರೂ ಸಂಜೆ ಪೆಟ್ಟಿಗೆಯನ್ನು ಎಣಿಸಿಯೇ ಲೆಕ್ಕ ಬರೆಯುವುದು ವರ್ತಕರ ಪದ್ಧತಿ. ಹಣಕ್ಕೆ ತೋರುವ ಈ ಎಚ್ಚರವನ್ನು ಪ್ರಾಣಕ್ಕೂ ತೋರುವುದು ಶ್ರಾವಕರ ಕರ್ತವ್ಯ. ಪರವಾನಗಿ ಯಾರ ಹೆಸರಿನಲ್ಲಿದೆ, ಕೀಲಿ ಯಾರ ಬಳಿ ಇದೆ, ಬರಿದೆಂದು ಕೊನೆಯದಾಗಿ ಕಣ್ಣಾರೆ ನೋಡಿದವರು ಯಾರು ಎಂದು ಮನೆಯ ಯಜಮಾನರೂ ಬಸದಿಗಳ ಆಡಳಿತ ಮಂಡಳಿಗಳೂ ಇಂದೇ ವಿಚಾರಿಸಿಕೊಳ್ಳುವುದು ಒಳಿತು.