ಮಾಕಳಿಯಲ್ಲಿ ಹವಾಯಿ ಪಾಠ

ನಮ್ಮೂರಿನ ಹೆಸರಿನಲ್ಲಿ ಅಕ್ಷರ ಮೂರೇ, ತೊಡಕೆಲ್ಲ ಕೊನೆಯದರಲ್ಲಿ. ತುಮಕೂರು ರಸ್ತೆಯಲ್ಲಿ ಪೀಣ್ಯ, ದಾಸರಹಳ್ಳಿ, ಮಾದಾವರ ದಾಟಿ ನೆಲಮಂಗಲದ ಕಡೆಗೆ ಹೊರಟವರಿಗೆ ಮಾಕಳಿ ಸಿಕ್ಕುತ್ತದೆ. ಬೋರ್ಡು ಬರೆದವರು ಅದನ್ನು ಇಂಗ್ಲಿಷಿನಲ್ಲಿ ಬರೆದರು, ಓದಿದವರು 'ಮಕಾಲಿ' ಮಾಡಿದರು, ದಾರಿ ತೋರುವ ಫೋನಿನೊಳಗಿನ ಹೆಂಗಸು ಅದನ್ನು ಖಾಯಂ ಮಾಡಿದಳು. ಊರಿನ ಹಳಬರು ಮಾತ್ರ ನಾಲಿಗೆಯನ್ನು ಹಿಂದಕ್ಕೆ ಮಡಿಸಿ 'ಳಿ' ಎನ್ನುತ್ತಾರೆ. ಆ ಹಳಬರೂ ಈಗ ಬೆರಳೆಣಿಕೆಗೆ ಬಂದಿದ್ದಾರೆ.

ಹೋದ ವರ್ಷ ಜೂನ್ ತಿಂಗಳಲ್ಲಿ ಹೊನೊಲುಲುವಿನಿಂದ ನಮ್ಮ ಮಗಳ ಮಗಳು ರಜೆಗೆ ಬಂದಳು. ಒಂಬತ್ತು ವರ್ಷ. ಅವಳಿಗೆ ಬರುವ ಕನ್ನಡ 'ಬಾ', 'ತಿನ್ನು', 'ಸಾಕು'. ಅವಳ ಅಜ್ಜಿಗೆ ಬರುವ ಇಂಗ್ಲಿಷೂ ಸುಮಾರು ಅಷ್ಟೇ. ಹೀಗಾಗಿ ಇಬ್ಬರ ನಡುವೆ ಪ್ರೀತಿ ಧಾರಾಳವಾಗಿದ್ದಿತು, ಮಾತು ಇರಲಿಲ್ಲ. ಬಂದ ಮರುದಿನವೇ ಬಚ್ಚಲಿನಲ್ಲಿ ಹಲ್ಲುಜ್ಜುವ ಪೇಸ್ಟು ಹಿಡಿದು ಕೂಗಿಕೊಂಡಳು. ಹಿಮಾಲಯ ಕಂಪನಿಯ ವಿಳಾಸ ನಮ್ಮೂರೇ, ಟ್ಯೂಬಿನ ಮೇಲೆ ಅಚ್ಚಾಗಿದ್ದ ಮಾಕಳಿಯನ್ನು ಓದಿ, "ತಾತ, ಇದು ನಕ್ಷತ್ರ!" ಎಂದಳು.

ಪುಟ್ಟ ಹುಡುಗಿಯ ಮಾತೆಂದು ನಗಬೇಕೆಂದಿದ್ದೆ. ವಿಚಾರಿಸಿದರೆ ಅದು ನಿಜ. ಹವಾಯಿ ಭಾಷೆಯಲ್ಲಿ 'ಮಕಲಿ-ಇ' ಎಂದರೆ ಕೃತ್ತಿಕಾ ನಕ್ಷತ್ರಪುಂಜ. ಬಿಡಿಸಿ ನೋಡಿದರೆ ಪುಟ್ಟ ಕಣ್ಣುಗಳು. ನವೆಂಬರಿನ ಸುಮಾರಿಗೆ ಸಂಜೆಯ ಹೊತ್ತು ಅದು ಮೂಡಣದಲ್ಲಿ ಕಂಡರೆ ಅವರಿಗೆ ಮಕಹಿಕಿ ಹಬ್ಬದ ಕಾಲ. ನಮಗೆ ಕಾರ್ತಿಕ ಮಾಸ. ನಡುವೆ ಅಷ್ಟು ಸಮುದ್ರವಿದ್ದರೂ ನೋಡಿದ ಆಕಾಶ ಒಂದೇ ತಾನೆ.

ಅಂದಿನಿಂದ ನಮ್ಮ ಜಗುಲಿಯಲ್ಲಿ ಸಂಜೆ ಪಾಠ ಸುರುವಾಯಿತು. ಗುರು ಮೊಮ್ಮಗಳು, ದುಭಾಷಿ ನಾನು. ಶಿಷ್ಯರೆಂದರೆ ಹಿಂದಿನ ವಠಾರದ ಮಕ್ಕಳು: ರಾಯಚೂರಿನಿಂದ ಬಂದ ಗಾರೆ ಕೆಲಸದವನ ಇಬ್ಬರು ಹುಡುಗರು, ಕಾರ್ಖಾನೆಯಲ್ಲಿ ದುಡಿಯುವ ಒಡಿಶಾದವರ ಒಬ್ಬ ಹುಡುಗಿ, ಮತ್ತು ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ದಿನಸಿ ಅಂಗಡಿಯವರ ಮಗ. ಸ್ವರ ಐದು, ವ್ಯಂಜನ ಎಂಟು, ಒಟ್ಟು ಹದಿಮೂರೇ ಅಕ್ಷರ ಎಂದಾಗ ರಾಯಚೂರಿನ ಹಿರಿಯವನು, "ಇಷ್ಟ ಏನ್ರೀ?" ಎಂದ. ಪಾಪ, ವರ್ಣಮಾಲೆಯಿಡೀ ಬಾಯಿಪಾಠ ಮಾಡಿ ಬಂದವನು.

ಒತ್ತಕ್ಷರದ ಕಾಟವೂ ಅಲ್ಲಿಲ್ಲ. ಪ್ರತಿಯೊಂದು ವ್ಯಂಜನದ ಬೆನ್ನಿಗೂ ಸ್ವರ ಬರಲೇಬೇಕು. ಬಸ್ಸನ್ನು 'ಬಸ್ಸು', ಪೆನ್ನನ್ನು 'ಪೆನ್ನು' ಮಾಡಿ ಕೊನೆಗೊಂದು ಉಕಾರ ಅಂಟಿಸುವ ಕನ್ನಡದ ಮಕ್ಕಳಿಗೆ ಇದರ ಮರ್ಮ ಹೇಳಿಕೊಡಬೇಕಾಗಿರಲಿಲ್ಲ. ಇಂಗ್ಲಿಷಿನ ಬುಕ್ಕು ಅಲ್ಲಿ 'ಪುಕೆ'. ಮೆರಿ ಕ್ರಿಸ್‌ಮಸ್ ಎಂಬುದು 'ಮೆಲೆ ಕಲಿಕಿಮಕ'. ಸಕಾರವಿಲ್ಲದ್ದಕ್ಕೆ ಕಕಾರ, ರಕಾರವಿಲ್ಲದ್ದಕ್ಕೆ ಲಕಾರ. ಈ ಲೆಕ್ಕದಲ್ಲಿ ಸುರೇಶನೆಂಬವನು ಆ ದೇಶಕ್ಕೆ ಹೋದರೆ 'ಕುಲೇಕ'ನಾಗಿ ಇಳಿಯಬೇಕು. ಸ್ಕೂಲಿಗೆ 'ಕುಲ' ಎನ್ನುತ್ತಾರೆ. ನಮ್ಮಲ್ಲಿಯೂ ಮನೆ ಬಾಡಿಗೆಗೆ ಕೊಡುವಾಗ ಕುಲ ಕೇಳುವವರು ಇದೇ ಅರ್ಥದಲ್ಲಿ ಕೇಳಿದರೆ ಎಷ್ಟು ಚೆನ್ನಾಗಿತ್ತು!

ಕಷ್ಟ ಬಂದದ್ದು ಹದಿಮೂರನೆಯ ಅಕ್ಷರದಲ್ಲಿ. ಅದರ ಹೆಸರು ಒಕಿನ. ಅದಕ್ಕೆ ದನಿಯಿಲ್ಲ, ಗಂಟಲಲ್ಲಿ ಉಸಿರನ್ನು ಕ್ಷಣ ತಡೆದು ಬಿಡುವುದೇ ಅಕ್ಷರ. ನಾನು ಇಲ್ಲಿ ನಡುವೆ ಒಂದು ಗೆರೆ ಎಳೆದು ತೋರಿಸಿದ್ದೇನೆ. 'ಪೌ' ಎಂದರೆ ಮುಗಿಯಿತು. 'ಪ-ಉ' ಎಂದರೆ ಮಸಿ. 'ಪ-ಊ' ಎಂದರೆ ಒದ್ದೆ. 'ಪಾ-ಊ' ಎಂದರೆ ಲಂಗ. ಅಡುಗೆ ಮುಗಿಯಿತೆನ್ನಲು ಹೋಗಿ ಮಸಿಯಾಯಿತೆಂದು ಬಿಡಬಹುದು. ಮಕ್ಕಳಿಗೆ ಗಂಟಲು ಹಿಡಿಯದಿರಲು ನಮ್ಮಾಕೆ ಒಳಗಿನಿಂದ ಬಂದು, "ಕಷಾಯ ಬೇಡ ಅನ್ನೋವಾಗ ತಲೆ ಅಲ್ಲಾಡಿಸಿ 'ಅ-ಅ' ಅಂತೀರಲ್ಲ, ಅದೇ ಕಣ್ರೋ" ಎಂದಳು. ಒಂದೇ ಏಟಿಗೆ ಎಲ್ಲರಿಗೂ ಬಂದುಬಿಟ್ಟಿತು.

ನಾನು ಆ ಪದಗಳನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆದೆ. ಹ್ರಸ್ವ-ದೀರ್ಘಗಳು ತಾವಾಗಿ ತಮ್ಮ ಜಾಗದಲ್ಲಿ ಕೂತವು. ರೋಮನ್ ಲಿಪಿಗೆ ಆ ಭಾಗ್ಯವಿಲ್ಲ. 1820ರಲ್ಲಿ ಅಲ್ಲಿಗೆ ಬಂದ ಅಮೆರಿಕದ ಪಾದ್ರಿಗಳು ಆ ಭಾಷೆಗೆ ಲಿಪಿ ಕಟ್ಟಿ, 1826ರಲ್ಲಿ ಓಟು ಹಾಕಿ ಹೆಚ್ಚಿನ ಅಕ್ಷರಗಳನ್ನು ತೆಗೆದುಹಾಕಿದರು. ಓಟಿನಿಂದ ಅಕ್ಷರ ಸೋತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. 1834ರಲ್ಲಿಯೇ ಅವರಿಗೆ ಪತ್ರಿಕೆ ಇದ್ದಿತು. ನಮ್ಮ 'ಮಂಗಳೂರ ಸಮಾಚಾರ' ಬಂದದ್ದು 1843ರಲ್ಲಿ. ಆ ಹಳೆಯ ಪತ್ರಿಕೆಗಳಲ್ಲಿ ದೀರ್ಘದ ಗೆರೆಯಾಗಲಿ ಒಕಿನವಾಗಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಬೇಕೂ ಆಗಿರಲಿಲ್ಲ, ಓದುವವನ ಕಿವಿಯಲ್ಲಿ ಅಜ್ಜಿಯ ದನಿ ಇರುತ್ತಿತ್ತು.

ಆ ದನಿ ನಿಂತದ್ದು ಶಾಲೆಯಲ್ಲಿ. 1893ರಲ್ಲಿ ಲಿಲಿಉಒಕಲನಿ ರಾಣಿಯನ್ನು ಪಟ್ಟದಿಂದ ಇಳಿಸಿದರು. 1896ರ ಕಾನೂನು ಇಂಗ್ಲಿಷನ್ನೇ ಶಾಲೆಯ ಭಾಷೆಯೆಂದಿತು. ತಾಯಿನುಡಿ ಆಡಿದ ಮಕ್ಕಳಿಗೆ ಏಟು ಬಿದ್ದವು. ತಾವು ತಿಂದ ಏಟು ಮಕ್ಕಳಿಗೆ ಬೇಡವೆಂದು ತಾಯಂದಿರು ಮನೆಯಲ್ಲಿಯೂ ಬಾಯಿ ಮುಚ್ಚಿಕೊಂಡರು. 1980ರ ಆಚೀಚೆಗೆ ಆ ಭಾಷೆಯಾಡುವ, 18 ತುಂಬದ ಮಕ್ಕಳು 50 ಮಂದಿಯೂ ಇರಲಿಲ್ಲವಂತೆ. 1978ರ ಸಂವಿಧಾನ ತಿದ್ದುಪಡಿ ಅದನ್ನು ಇಂಗ್ಲಿಷಿನ ಜೊತೆಗೆ ರಾಜ್ಯಭಾಷೆ ಮಾಡಿತು. ಆದರೆ ಕಾಗದದ ಪಟ್ಟದಿಂದ ಮಗು ಮಾತಾಡೀತೆ? 1983ರಲ್ಲಿ ಕೆಲವರು ಸೇರಿ 'ಪೂನನ ಲೆಒ', ಅಂದರೆ ದನಿಗಳ ಗೂಡು, ಎಂಬ ಸಂಸ್ಥೆ ಕಟ್ಟಿದರು. ಮರುವರ್ಷ ಕೌವ-ಇ ದ್ವೀಪದ ಕೆಕಹದಲ್ಲಿ ಮೊದಲ ಶಿಶುವಿಹಾರ. ಹಿರಿಯರನ್ನು ಕೂರಿಸಿ, ಎಳೆಯರನ್ನು ಸುತ್ತ ಬಿಟ್ಟು, ಬೇರೆ ಮಾತಿಲ್ಲ. ಅಂಥ ಶಾಲೆಗೆ ಅಡ್ಡವಾಗಿದ್ದ ಕಾನೂನು ಸಡಿಲಿದ್ದು 1986ರಲ್ಲಿ. ನಮ್ಮ ಮೊಮ್ಮಗಳ ಸಾಧಾರಣ ಇಂಗ್ಲಿಷ್ ಶಾಲೆಯಲ್ಲಿ ವಾರಕ್ಕಿಷ್ಟೆಂದು ಹೇಳಿಕೊಡುವ ನಾಲ್ಕು ಪದಗಳ ಹಿಂದೆಯೂ ಇಷ್ಟು ಕತೆಯಿದೆ.

ಇದನ್ನೆಲ್ಲ ಕೇಳಿದ ನಮ್ಮಾಕೆ ಒಂದೇ ಮಾತು ಕೇಳಿದಳು: "ಅವರ ಅಜ್ಜಿಯರ ಮಾತು ಇವಳಿಗೆ ಬಂತು. ನನ್ನದು?"

ಸರಿ, ಮರುದಿನದಿಂದ ಪಾಠದ ಎರಡನೆಯ ಭಾಗ ಅವಳದು. ಬಾಳೆಹಣ್ಣು ಮುಂದಿಟ್ಟುಕೊಂಡು, ಹೆಸರು ಸರಿಯಾಗಿ ಹೇಳಿದವರಿಗೆ ಒಂದು ಎಂದಳು. ಮೊಮ್ಮಗಳು 'ಬಾಲೆ ಹಣ್ಣು' ಎಂದಳು. ಹವಾಯಿಯಲ್ಲಿ ಳಕಾರವಿಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. ಅಂಗಡಿಯವರ ಮಗನೂ 'ಬಾಲೆ' ಎಂದ. ಅವನಿಗೆ ಯಾರೂ ಹೊಡೆದಿರಲಿಲ್ಲ, ಯಾವ ಕಾನೂನೂ ಬಂದಿರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಅಚ್ಚಗನ್ನಡದವರು. ಹಣ್ಣು ಮೊದಲು ಸಿಕ್ಕಿದ್ದು ಒಡಿಶಾದ ಹುಡುಗಿಗೆ! ಒಡಿಯಾದಲ್ಲಿ ಳಕಾರ ಉಂಟು. ಸರ್ಕಾರಿ ಶಾಲೆಗೆ ಸೇರಿ ವರ್ಷವಾಗಿರದ ಆ ಮಗು ಮೊಮ್ಮಗಳ ಮುಂದೆ ಬಾಯಿ ತೆರೆದು, ನಾಲಿಗೆ ಮಡಿಸಿ ತೋರಿಸಿ, ನಾಲ್ಕು ದಿನದಲ್ಲಿ ಅವಳಿಗೂ ಅವನಿಗೂ ಹಣ್ಣು ಕೊಡಿಸಿತು. ಹೊರಡುವ ದಿನ ನಮ್ಮ ಮೊಮ್ಮಗಳು ಟ್ಯಾಕ್ಸಿಯವನಿಗೆ, "ಮಕಾಲಿ ಅಲ್ಲ, ಮಾಕಳಿ" ಎಂದು ತಿದ್ದಿದ್ದನ್ನು ನಮ್ಮಾಕೆ ಇಂದಿಗೂ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಾಳೆ.

ಒಡಿಶಾದವರು ಮೊನ್ನೆ ಸಾಮಾನು ಕಟ್ಟಿದರು. ಅಪ್ಪನಿಗೆ ಹೊಸೂರಿನಲ್ಲಿ ಕೆಲಸವಂತೆ. ಮಗು ಇನ್ನು ತಮಿಳು ಕಲಿಯಬೇಕು. "ಅಲ್ಲಿಯೂ ಳಕಾರ ಇದೆ, ಹೆದರಬೇಡ" ಎಂದೆ. ಅದರ ಪಕ್ಕದಲ್ಲಿ ಇನ್ನೊಂದು ಇದೆಯೆಂಬುದು ಆಮೇಲೆ ನೆನಪಾಯಿತು: ಹಳಗನ್ನಡದಲ್ಲಿ ನಮಗೂ ಇದ್ದು, ನೂರಾರು ವರ್ಷಗಳ ಹಿಂದೆ ಯಾರ ಒತ್ತಾಯವೂ ಇಲ್ಲದೆ ನಾವು ಬಿಟ್ಟುಬಿಟ್ಟ ೞ. ಅದನ್ನು ಅವಳಿಗೆ ಹೇಳಿ ತೋರಿಸೋಣವೆಂದು ಬಾಯಿ ತೆರೆದೆ, ನನಗೆ ಬರಲಿಲ್ಲ. ಲಾರಿ ಹೊರಡುತ್ತಿತ್ತು.