ಉತ್ತರಂ ವಚ್ಚಿಂದಿ

ರಾಯಲ್ಪಾಡಿನಲ್ಲಿ ಬೆಳೆದ ನನಗೆ ‘ಉತ್ತರ’ ಎಂದರೇನು ಎಂಬುದು ಬಹಳ ಕಾಲ ಬಗೆಹರಿಯಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ ಕೊಡಬೇಕಾದದ್ದು ಉತ್ತರ. ಆದರೆ ಅಂಚೆಯಣ್ಣ ಜಗುಲಿಗೆ ಸೈಕಲ್ ಒರಗಿಸಿ ಕೂಗುತ್ತಿದ್ದದ್ದು ‘ಉತ್ತರಂ ವಚ್ಚಿಂದಿ!’ ಎಂದು. ಶ್ರೀನಿವಾಸಪುರ ತಾಲ್ಲೂಕಿನ ಈ ಅಂಚಿನಲ್ಲಿ ಟೊಮ್ಯಾಟೊ ಮದನಪಲ್ಲಿಗೆ ಹೋಗುತ್ತದೆ, ಪಹಣಿಗೆ ನಾವು ಶ್ರೀನಿವಾಸಪುರಕ್ಕೆ ಹೋಗುತ್ತೇವೆ. ಜಗಳ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ. ತೆಲುಗಿನಲ್ಲಿ ಕಾಗದವೇ ಉತ್ತರಂ. ಹೀಗಾಗಿ ಯಾರೂ ಏನೂ ಕೇಳದಿದ್ದರೂ ನಮ್ಮ ಮನೆಗೆ ಉತ್ತರ ಬರುತ್ತಿತ್ತು.

ಬಂದದ್ದನ್ನು ಅಪ್ಪ ಓದಿ ತೊಲೆಯಿಂದ ಇಳಿಬಿಟ್ಟಿದ್ದ ಕಂಬಿಗೆ ಚುಚ್ಚುತ್ತಿದ್ದರು. ಮದುವೆ, ಸಾವು, ಮಾವಿನ ಮಂಡಿಯ ಲೆಕ್ಕ ಎಲ್ಲವೂ ಎದೆಗೆ ತೂತು ಮಾಡಿಸಿಕೊಂಡು ಒಂದರ ಮೇಲೊಂದು. ಮನೆಗೆ ಬಂದ ಕಾಗದ ಕಳೆದುಹೋಯಿತು ಎಂಬ ಮಾತೇ ಇರಲಿಲ್ಲ.

ನನ್ನ ಕಾಲಕ್ಕೆ ಕಳೆಯತೊಡಗಿತು. ತೋಪಿನಲ್ಲಿರುವಾಗ ಫೋನು ‘ಟಿಂಗ್’ ಅನ್ನುತ್ತದೆ. ಕನ್ನಡಕ ಮನೆಯಲ್ಲಿ. ಮನೆಗೆ ಬಂದು ಕನ್ನಡಕ ಏರಿಸಿದರೆ ಈಮೇಲ್ ಇಲ್ಲ! ಒಂದೆರಡು ಸಲವಲ್ಲ, ವರ್ಷಗಟ್ಟಲೆ. ಸ್ಪ್ಯಾಮ್ ಪೆಟ್ಟಿಗೆ ತೆರೆದೆ. ನನಗೆ ಕೋಟಿಗಟ್ಟಲೆ ಆಸ್ತಿ ಬಿಟ್ಟುಹೋದ ಪರದೇಶದ ಪುಣ್ಯಾತ್ಮರೆಲ್ಲ ಸಿಕ್ಕಿದರು, ನನಗೆ ಬೇಕಾದವರು ಸಿಗಲಿಲ್ಲ. ಜಾಗ ತುಂಬಿರಬೇಕೆಂದು ಮೊಮ್ಮಗಳ ನಾಮಕರಣದ ವಿಡಿಯೋ ಅಳಿಸಿ ಮಗಳಿಂದ ಬೈಸಿಕೊಂಡೆ. ಕೊನೆಗೆ ಅನುಮಾನ ಊರಿನ ಹೆಸರಿನ ಮೇಲೆ ಬಂತು. ನನ್ನ ವಿಳಾಸದಲ್ಲಿ ಊರೂ ಸೇರಿದೆ. ಇಂಗ್ಲಿಷಿನಲ್ಲಿ ಕೆಲವರು ಆರ್ ಪಕ್ಕದ ಎ ತೆಗೆದು ಓ ಹಾಕಿ ರಾಯಲ್ಪಾಡನ್ನು ರಾಜಮನೆತನಕ್ಕೆ ಸೇರಿಸಿಬಿಡುತ್ತಾರೆ. ಅಂಚೆಯಣ್ಣನಿಗೆ ಹೇಗೆ ಬರೆದರೂ ನಡೆಯುತ್ತಿತ್ತು. ‘ದೊಡ್ಡ ಹುಣಸೆಮರದ ಹತ್ತಿರ’ ಎಂದಿದ್ದರೂ ಕಾಗದ ತಲುಪುತ್ತಿತ್ತು. ಕಂಪ್ಯೂಟರಿಗೆ ಹುಣಸೆಮರ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರಿನದೇ ಕೆಲಸ ಮಾಡುವ ತಂಗಿಯ ಮಗ ಹಬ್ಬಕ್ಕೆ ಬಂದಾಗ ದೂರು ಒಪ್ಪಿಸಿದೆ.

“ಯಾವಾಗ ಮಾಯ ಆಗುತ್ತೆ ಮಾವ?”

“ಹೊತ್ತು ಗೊತ್ತು ಏನೂ ಇಲ್ಲಪ್ಪ.”

ಅಡುಗೆಮನೆಯಿಂದ ನನ್ನವಳು, “ಕರೆಂಟು ಬಂದಾಗ,” ಎಂದಳು.

ಅವನು ನಗಲಿಲ್ಲ. ಎದ್ದು ಹೋಗಿ ಮೂಲೆಯ ಹಳೇ ಕಂಪ್ಯೂಟರಿನ ಮುಂದೆ ಕುಳಿತ. ಮಗಳು ಕಾಲೇಜಿಗೆ ಸೇರಿದಾಗ ಕೊಂಡದ್ದು. ಈಗ ನನ್ನವಳು ಅದರಲ್ಲಿ ಹಳೇ ಸಿನಿಮಾ ಹಾಡು ಕೇಳುತ್ತಾಳೆ. ಅದನ್ನು ಕೂಡಿಸಿಕೊಟ್ಟ ಹುಡುಗ ಆಗಲೇ ನನ್ನ ಈಮೇಲನ್ನು ‘ಪಾಪ್’ ಎಂಬ ಪದ್ಧತಿಯಲ್ಲಿ ಹೂಡಿಟ್ಟಿದ್ದನಂತೆ. 1984ರ ಪದ್ಧತಿ. ದೂರದ ಸರ್ವರಿಗೆ ಬಂದ ಮೇಲ್‌ಗಳನ್ನು ಮನೆಗೆ ಎಳೆದುಕೊಂಡು, ಅಲ್ಲಿದ್ದದ್ದನ್ನು ಅಳಿಸಿಹಾಕುವುದು. ಸರ್ವರಿನಲ್ಲಿ ಜಾಗಕ್ಕೆ ತತ್ವಾರವಿದ್ದ ಕಾಲಕ್ಕೆ ಅದೇ ಸರಿ. ನನ್ನ ಫೋನಿನದು ‘ಐಮ್ಯಾಪ್’, 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬಾತ ರೂಪಿಸಿದ್ದು. ಇಲ್ಲಿ ಕಾಗದ ಅಂಚೆಕಚೇರಿಯಲ್ಲೇ ಇರುತ್ತದೆ. ಯಾವ ಕಿಟಕಿಯಿಂದ ಇಣುಕಿದರೂ ಅದೇ ಕಾಣುತ್ತದೆ. ಅಲ್ಲಿ ಇಲ್ಲವಾದರೆ ಎಲ್ಲ ಕಿಟಕಿಗಳಲ್ಲೂ ಇಲ್ಲ. ಕರೆಂಟು ಬರುತ್ತಲೇ ನನ್ನವಳು ಹಾಡಿಗೆಂದು ಗುಂಡಿ ಒತ್ತುವಳು. ಹಾಡು ಶುರುವಾಗುವ ಮೊದಲೇ ಕಂಪ್ಯೂಟರು ನನ್ನ ಮೇಲ್‌ಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವುದು. ತೋಪಿನಲ್ಲಿ ಫೋನು ಬರಿದು.

“ಎರಡಕ್ಕೂ ಐಮ್ಯಾಪ್ ಮಾಡಿಬಿಡ್ತೀನಿ ಮಾವ. ಪಾಪ್ ಈಗ ಯಾರಿಗೆ ಬೇಕು?”

ಹೂಂ ಅಂದೆ. ಅಪ್ಪನ ಕಂಬಿ ನೆನಪಾಯಿತು. “ಇಲ್ಲಿಗೆ ಬಂದಿರೋದನ್ನ ಮಾತ್ರ ಅಳಿಸಬೇಡ,” ಎಂದೆ.

ಅಂದು ರಾತ್ರಿ ಕಂಪ್ಯೂಟರೆಂಬ ಕಂಬಿಯಿಂದ ಒಂದೊಂದೇ ಮೇಲ್ ಬಿಡಿಸುತ್ತಾ ಕುಳಿತೆ. ಸಾಲುಗಟ್ಟಲೆ ದಪ್ಪಕ್ಷರ, ಒಂದನ್ನೂ ಓದಿಲ್ಲ. ಬ್ಯಾಂಕಿನವು, ವಿಮೆಯವು. ನಡುವೆ ಚಿಕ್ಕಬಳ್ಳಾಪುರದ ನನ್ನ ಕಾಲೇಜು ಗೆಳೆಯನದು, ಏಳು ವರ್ಷ ಹಿಂದಿನದು: ‘ಭಾನುವಾರ ನಿಮ್ಮೂರಿಗೆ ಬರ್ತೀನಿ, ರಸಪುರಿ ಹಣ್ಣು ಇಟ್ಟಿರು.’ ನಾಲ್ಕೇ ಸಾಲು. ಅವನು ನನ್ನನ್ನು ಮರೆತೇಬಿಟ್ಟ ಎಂದು ನಾನು ಮುನಿಸಿಕೊಂಡಿದ್ದದ್ದೂ ಹೆಚ್ಚುಕಡಿಮೆ ಏಳು ವರ್ಷದಿಂದಲೇ.

ನನ್ನವಳನ್ನು ಕರೆದು ತಾರೀಖು ತೋರಿಸಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆ ಭಾನುವಾರ ನಾವು ತಿರುಪತಿಯಲ್ಲಿದ್ದೆವು. ವಾಪಸು ಬಂದಾಗ ಗೇಟಿಗೆ ಒಂದು ಚೀಲ ದ್ರಾಕ್ಷಿ ನೇತಾಡುತ್ತಿತ್ತು. ಯಾರದೆಂದು ಬೀದಿಯೆಲ್ಲ ವಿಚಾರಿಸಿ, ಯಾರದೂ ಅಲ್ಲವೆಂದಾದ ಮೇಲೆ ತೊಳೆದು ತಿಂದಿದ್ದೆವು.

ಉತ್ತರ ಬರೆಯಲು ಕುಳಿತೆ. ಇದು ಕನ್ನಡದ ಉತ್ತರವೋ ತೆಲುಗಿನ ಉತ್ತರವೋ, ಎರಡೂ ಇರಬೇಕು. ಕ್ಷೇಮಸಮಾಚಾರ, ಪಾಪ್, ಐಮ್ಯಾಪ್ ಎಲ್ಲ ಒಂದು ಪುಟವಾಯಿತು. ಅಳಿಸಿದೆ. ಮತ್ತೆ ಬರೆದೆ: ‘ದ್ರಾಕ್ಷಿ ಬಹಳ ಸಿಹಿಯಾಗಿತ್ತು ಕಣೋ.’